ನೆರಳು ಅಳೆಯುತ್ತ ನೀಲಗಿರಿಗೆ

ಬೆಳಗಿನ ಏಳು ಗಂಟೆಗೆ ಮಸಿನಗುಡಿಯಲ್ಲಿ ನಮ್ಮಕ್ಕನ ನೆರಳು ಅವಳಿಗಿಂತ ಐದು ಪಟ್ಟು ಉದ್ದವಿತ್ತು. ನಾವು ತಂಗಿದ್ದ ಮನೆಯ ಅಂಗಳದಲ್ಲಿ ಅವಳ ಹಿಮ್ಮಡಿಯಿಂದ ಹೊರಟು, ಬೇಲಿ ದಾಟಿ, ಮೈತುಂಬ ಹಳದಿ ಹೂ ಇಳಿಬಿಟ್ಟಿದ್ದ ಕಕ್ಕೆಮರದ ಬುಡದಲ್ಲಿ ಆ ನೆರಳಿನ ತಲೆ ಹೋಗಿ ಮಲಗಿತ್ತು. ಅಕ್ಕನ ಎತ್ತರ ಸರಿಯಾಗಿ ಐದಡಿ. ನನ್ನ ಕೈಯಲ್ಲಿದ್ದ ಹೊಲಿಗೆಯ ಟೇಪು ಕೂಡ ಐದಡಿ. ಐದು ಸಲ ಹಾಸಿ ಅಳೆದೆ.

"ಇದೇ ಹೊತ್ತಿಗಲ್ವೇನೋ ಎಲ್ಲರೂ ಬಿಸಿಲಿಗೆ ನಿಂತ್ಕೋ ಅನ್ನೋದು?" ಎಂದಳು ಅಕ್ಕ, ಮುಖವನ್ನು ಸೂರ್ಯನಿಗೆ ಒಡ್ಡಿಕೊಂಡು.

ಅವಳಿಗೆ ಈ ಪ್ರಶ್ನೆ ಹೊಕ್ಕಿದ್ದು ಫೆಬ್ರವರಿಯಲ್ಲಿ. ಮೊಣಕಾಲು ನೋವೆಂದು ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೊಗ್ರಾಂ ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ವೈದ್ಯರು ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟರು, ಅವಳು ತಪ್ಪದೆ ಕುಡಿದಳು. ಆದರೆ ಸಮಾಧಾನವಾಗಲಿಲ್ಲ. "ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಸುತ್ತುತೀನಿ. ನಂಗೆ ಬಿಸಿಲು ಕಮ್ಮಿನಾ?" ಬ್ಯಾಂಕಿನ ಕೆಲಸ ಅವಳದು. ಹತ್ತಕ್ಕೆ ಒಳಗೆ ಹೋದರೆ ಸಂಜೆಗೇ ಹೊರಗೆ.

ಉತ್ತರ ಅಂಗಳದಲ್ಲೇ ಇತ್ತು. ಎಂಟಕ್ಕೆ ನೆರಳು ಎರಡು ಪಟ್ಟಿಗೆ ಇಳಿಯಿತು. ಕಾಫಿ, ಇಡ್ಲಿ ಮುಗಿಸಿ ಬಂದು ಮತ್ತೆ ಅಳೆದೆವು. ಒಂಬತ್ತು ಇಪ್ಪತ್ತರ ಸುಮಾರಿಗೆ ನೆರಳು, ಅಕ್ಕ ಇಬ್ಬರೂ ಸಮಸಮ! ಆ ಕ್ಷಣಕ್ಕೆ ಸೂರ್ಯ ಆಕಾಶದ ಅರ್ಧ ಮೆಟ್ಟಿಲು, ಅಂದರೆ 45 ಡಿಗ್ರಿ ಏರಿರುತ್ತಾನೆ. ಮೂಳೆಗೆ ಬೇಕಾದ ಬಿಸಿಲು ಧಾರಾಳವಾಗಿ ಸಿಗುವುದು ಅಲ್ಲಿಂದಾಚೆಗೆ. ಚರ್ಮದಲ್ಲಿ ಕೊಲೆಸ್ಟರಾಲಿನ ಹತ್ತಿರದ ನೆಂಟನಾದ ಒಂದು ವಸ್ತುವಿದೆ. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಯುವಿ-ಬಿ ಎಂಬ ಸಣ್ಣ ಪಾಲು ಅದನ್ನು ತಾಕಿದರೆ ಅದರ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮೈಯ ಬಿಸಿಗೇ ಅದು ನಿಧಾನವಾಗಿ ವಿಟಮಿನ್ ಡಿ ಆಗುತ್ತದೆ. ಯಕೃತ್ತಿನಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ರೂಪ ಬದಲಿಸಿ ಕೊನೆಗೆ ಕೆಲಸಕ್ಕಿಳಿಯುತ್ತದೆ. ಅದು ಸಾಲದಿದ್ದರೆ ನಾವು ಉಂಡ ರಾಗಿಮುದ್ದೆಯ ಕ್ಯಾಲ್ಸಿಯಂ ಕರುಳಿನಿಂದ ಮೈಗೆ ಸರಿಯಾಗಿ ಹತ್ತುವುದೇ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಒಳಗೆ ಕರೆದುಕೊಳ್ಳುವವರು ಬೇಕಲ್ಲ.

ಸೂರ್ಯ ಓರೆಯಾಗಿದ್ದಾಗ ಅವನ ಬೆಳಕು ಓಝೋನ್ ಪದರದೊಳಗೆ ಉದ್ದಕ್ಕೆ ಸಾಗಿ ಬರಬೇಕು. ಆ ದಾರಿಯಲ್ಲಿ ಯುವಿ-ಬಿ ಬಹುಪಾಲು ಸೋರಿಹೋಗುತ್ತದೆ. ಉಳಿದ ಬೆಳಕು, ಬೆಚ್ಚಗಿನ ಸುಖ ಎರಡೂ ಬರುತ್ತವೆ. ವಿಟಮಿನ್ ಮಾಡುವ ಕಿರಣವೊಂದು ಬರುವುದಿಲ್ಲ. ಎಳೆಬಿಸಿಲಿನ ಮೇಲೆ ನಮ್ಮವರಿಗಿರುವ ಪ್ರೀತಿ ನನಗೂ ಉಂಟು. ಅದು ಮನಸ್ಸಿಗೆ ಒಳ್ಳೆಯದು, ನಿದ್ದೆಗೆ ಒಳ್ಳೆಯದು. ಆದರೆ ವಿಟಮಿನ್ ಡಿಗಾಗಿ ಎಂದು ಕೂಸುಗಳನ್ನು ಎಳೆಬಿಸಿಲಿಗೆ ಹಿಡಿದು ಅಷ್ಟಕ್ಕೇ ನೆಮ್ಮದಿಯಾಗುವುದು ಸರಿಯಲ್ಲ. ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಹಾಕಿ ಎಂದು ಮಕ್ಕಳ ತಜ್ಞರು ಹೇಳುವುದು ಸುಮ್ಮನೆ ಅಲ್ಲ. 'ಹೊತ್ತು' ಎಂದರೆ ಕನ್ನಡದಲ್ಲಿ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡುತ್ತದೆ, ಏರುತ್ತದೆ, ಕಂತುತ್ತದೆ. ಅಕ್ಕನಿಗೆ ಬೇಕಿದ್ದದ್ದು ಏರಿದ ಹೊತ್ತು. ಆ ಹೊತ್ತಿನಲ್ಲಿ ಅವಳು ದಿನಾ ಬ್ಯಾಂಕಿನೊಳಗಿದ್ದಳು.

ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿಯ 36 ತಿರುವುಗಳ ಹತ್ತಿರದ ದಾರಿ ಇದೆ. ನಾವು ಅದನ್ನು ಬಿಟ್ಟು ತೆಪ್ಪಕಾಡಿಗೆ ಹಿಂತಿರುಗಿ ಗೂಡಲೂರಿನ ಸುತ್ತುದಾರಿ ಹಿಡಿದೆವು. ಒಂದೇ ಜಿಲ್ಲೆಯಲ್ಲಿ ಎಷ್ಟು ಆಕಾಶಗಳಿವೆ ಎಂದು ನೋಡುವ ಆಸೆ. ಮಸಿನಗುಡಿ ಮಳೆನೆರಳಿನ ನೆಲ: ಮುಳ್ಳುಗಿಡ, ಒಣಹುಲ್ಲು, ಬಿಳಿಚಿದ ಬಾನು. ಒಂದು ಗಂಟೆಯೊಳಗೆ ಗೂಡಲೂರಿನ ಚಹಾತೋಟಗಳ ಒದ್ದೆ ಹಸಿರಿನಲ್ಲಿದ್ದೆವು. ಮುಂಗಾರಿನ ಮೋಡ ಕೇರಳದ ಕಡೆಯಿಂದ ಬಂದು ಮೊದಲು ಒರಗುವುದು ಈ ಇಳಿಜಾರಿಗೆ. ಜೂನ್, ಜುಲೈಯಲ್ಲಿ ಇಲ್ಲಿ ನೆರಳು ಬೀಳುವುದೇ ಅಪರೂಪ. ದಟ್ಟ ಮೋಡ ಯುವಿ-ಬಿಯ ಅರ್ಧಕ್ಕೂ ಹೆಚ್ಚನ್ನು ತಡೆದುಬಿಡಬಲ್ಲದು.

ನಡುವಟ್ಟಂ ದಾಟಿ ಪೈಕಾರದ ಮೇಲೆ ಹುಲ್ಲುಗುಡ್ಡಗಳು ತೆರೆದುಕೊಂಡವು. ಸ್ಯಾಂಡಿನಲ್ಲಾ ಹತ್ತಿರ ಕುರಿಗಳನ್ನು ಕಂಡು ಗಾಡಿ ನಿಲ್ಲಿಸಿದೆ. ಅಲ್ಲಿ ಕುರಿ ತಳಿ ಸಂಶೋಧನಾ ಕೇಂದ್ರವಿದೆ, ನೀಲಗಿರಿ ಎಂಬ ಉಣ್ಣೆಯ ತಳಿಯನ್ನು ಕಾಪಾಡುವ ಜಾಗ.

"ನೀನು ವಾರವಾರ ಕುಡಿದೆಯಲ್ಲ ಪುಡಿ, ಅದು ಬರೋದು ಎಲ್ಲಿಂದ ಗೊತ್ತಾ? ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ."

ಅಕ್ಕ ನಂಬಲಿಲ್ಲ. ಆದರೆ ನಿಜ. ಉಣ್ಣೆ ತೊಳೆದಾಗ ಸಿಗುವ ಲ್ಯಾನೊಲಿನ್ ಎಂಬ ಜಿಡ್ಡಿನಿಂದ ಅದೇ ಕೊಲೆಸ್ಟರಾಲಿನ ನೆಂಟನನ್ನು ತಯಾರಿಸಿ, ಅದಕ್ಕೆ ಅತಿನೇರಳೆ ದೀಪ ಹಿಡಿದು ಕಾರ್ಖಾನೆಗಳಲ್ಲಿ ವಿಟಮಿನ್ ಡಿ ಮಾಡುತ್ತಾರೆ. ಚರ್ಮ ಮಾಡುವ ಕೆಲಸವನ್ನೇ ಪಾತ್ರೆಯಲ್ಲಿ ಮಾಡಿದಂತೆ. ಗುಡ್ಡದ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಆ ಮಂದೆಯನ್ನು ಅಕ್ಕ ಬಹಳ ಹೊತ್ತು ನೋಡುತ್ತ ನಿಂತಳು.

ಊಟಿ 2,240 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಸುಮಾರು ಹತ್ತರಿಂದ ಹನ್ನೆರಡು ಶೇಕಡಾ ಹೆಚ್ಚುತ್ತದೆ. ಅಂದರೆ ಮೋಡವಿಲ್ಲದ ದಿನ ಇಲ್ಲಿನ ಬಿಸಿಲು ಮಸಿನಗುಡಿಯದಕ್ಕಿಂತ ಬಲವಾದದ್ದು. ಚಳಿ ಮಾತ್ರ ಅದನ್ನು ಬಚ್ಚಿಟ್ಟುಬಿಡುತ್ತದೆ. ನಮ್ಮ ಚರ್ಮಕ್ಕೆ ತಿಳಿಯುವುದು ಶಾಖ. ಯುವಿ-ಬಿ ಬಿದ್ದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕೆಳಗೆ ಸೆಕೆಗೆ ಹೆದರಿ ಒಳಗೆ ಕೂರುತ್ತೇವೆ, ಮೇಲೆ ಚಳಿಗೆ ಹೆದರಿ ಸ್ವೆಟರ್ ಹೊದೆಯುತ್ತೇವೆ. ವಸತಿಗೃಹದ ಗಾಜಿನ ವರಾಂಡದಲ್ಲಿ ಬಿಸಿಲು ಕಾಯಿಸುತ್ತ ಅಕ್ಕ ಹಾಯಾಗಿ ಕೂತಿದ್ದಳು. ಗಾಜು ಯುವಿ-ಬಿಯನ್ನು ಒಳಗೆ ಬಿಡುವುದಿಲ್ಲವೆಂದು ಹೇಳಿ ಅವಳ ಸುಖ ಕೆಡಿಸಿದೆ.

ಮರುದಿನ ಪುಟ್ಟ ರೈಲಿನಲ್ಲಿ ಕೂನೂರಿಗೆ ಇಳಿದೆವು. ಸಿಮ್ಸ್ ಪಾರ್ಕಿನ ಹತ್ತಿರ ಪಾಶ್ಚರ್ ಸಂಸ್ಥೆಯ ಕಟ್ಟಡವನ್ನು ಹೊರಗಿನಿಂದಲೇ ನೋಡಿದೆ. 1918ರಲ್ಲಿ ಅಲ್ಲಿನ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆ ಶುರುಮಾಡಿದರು. ಮುಂದೆ ಭಾರತದ ಬೇರೆಬೇರೆ ಸೀಮೆಗಳ ಊಟವನ್ನು ಇಲಿಗಳಿಗೆ ಉಣಿಸಿ ಯಾವುದು ಮೈಗೆ ಹಿಡಿಯುತ್ತದೆಂದು ನೋಡಿದರು. ಆ ಕೋಣೆ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಭಾರತೀಯರಿಗೆ ದಿನಕ್ಕೆ 600 ಯೂನಿಟ್ ವಿಟಮಿನ್ ಡಿ ಬೇಕೆಂದು 2020ರಲ್ಲಿ ಹೇಳಿದ್ದು ಅದೇ ಸಂಸ್ಥೆ. ಕೂನೂರಿನಲ್ಲಿ ಆ ಕೋಣೆಯ ಕೆಲಸ ಆರಂಭವಾದ ಮರುವರ್ಷ, 1919ರಲ್ಲಿ, ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ರಿಕೆಟ್ಸಿನಿಂದ ಮೂಳೆ ಬಾಗಿದ ಮಕ್ಕಳಿಗೆ ಪಾದರಸದ ದೀಪದ ಬೆಳಕು ಹಿಡಿದರು. ಬೆಳಕು ಬಿದ್ದದ್ದು ಒಂದು ತೋಳಿನ ಮೇಲೆ, ವಾಸಿಯಾಗತೊಡಗಿದ್ದು ಎರಡೂ ತೋಳುಗಳ ಮೂಳೆ! ಬೆಳಕು ಚರ್ಮದಲ್ಲಿ ಏನನ್ನೋ ಹುಟ್ಟಿಸುತ್ತದೆ, ಅದು ರಕ್ತದಲ್ಲಿ ಹರಿದುಹೋಗುತ್ತದೆ ಎಂಬುದಕ್ಕೆ ಅದೇ ಸುಳಿವು. ವಿಟಮಿನ್ ಡಿ ಎಂಬ ಹೆಸರು ಬಂದದ್ದು 1922ರಲ್ಲಿ. ಈ ಕಥೆಯನ್ನು ನಾನು ಎಷ್ಟು ಸಲ ನೆನೆದರೂ ಮೈ ನವಿರೇಳುತ್ತದೆ.

ಆದರೆ ನಾವು ಬಂದದ್ದು ಏಪ್ರಿಲ್ 20ಕ್ಕಾಗಿ. ಊಟಿ ಇರುವ 11.4 ಡಿಗ್ರಿ ಅಕ್ಷಾಂಶದ ಮೇಲೆ ಸೂರ್ಯ ವರ್ಷಕ್ಕೆ ಎರಡೇ ಸಲ ನೆತ್ತಿಗೆ ನೇರ ಬರುತ್ತಾನೆ, ಏಪ್ರಿಲ್ 20ರ ಆಸುಪಾಸು ಮತ್ತು ಆಗಸ್ಟಿನ ನಾಲ್ಕನೆಯ ವಾರದಲ್ಲಿ. ಆ ಮಧ್ಯಾಹ್ನ ನೆರಳು ಇರುವುದಿಲ್ಲ. ಅದನ್ನು ನೋಡಲು ಮುತ್ತೊರೈಗಿಂತ ತಕ್ಕ ಜಾಗ ನನಗೆ ತೋಚಲಿಲ್ಲ. ಅಲ್ಲಿ ಗೋವಿಂದ ಸ್ವರೂಪ್ ಕಟ್ಟಿಸಿದ ರೇಡಿಯೊ ದೂರದರ್ಶಕವಿದೆ. 1970ರಲ್ಲಿ ಮುಗಿದದ್ದು, 530 ಮೀಟರ್ ಉದ್ದ, 30 ಮೀಟರ್ ಅಗಲ. ಅವರು ಊಟಿಯ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ, ಓರೆಯಾಗಿರುವ ಗುಡ್ಡವನ್ನು ಹುಡುಕಿ ಅದರ ಮೈಮೇಲೆ ಅದನ್ನು ಮಲಗಿಸಿದರು. ಹೀಗಾಗಿ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ. ಒಂದೇ ಕಡೆ ಹೊರಳುತ್ತ ಬಾನಿನ ಒಂದು ಮೂಲವನ್ನು ಒಂಬತ್ತು ಗಂಟೆಗೂ ಹೆಚ್ಚು ಹಿಂಬಾಲಿಸಬಲ್ಲದು. ಸೂರ್ಯನಿಂದ ಬೀಸುವ ಸೌರಮಾರುತವನ್ನೂ ಅದು ಗಮನಿಸುತ್ತದೆ. ರೇಡಿಯೊ ಅಲೆಗಳಿಗೆ ಮೋಡ ಲೆಕ್ಕಕ್ಕಿಲ್ಲ. ನಮಗಿತ್ತು.

ಹನ್ನೆರಡು ಗಂಟೆಗೆ ಮೋಡ ಕವಿದುಕೊಂಡಿತು. ರಸ್ತೆಬದಿಯ ಕ್ಯಾರೆಟ್ ಹೊಲದಲ್ಲಿ ಕಳೆ ಕೀಳುತ್ತಿದ್ದ ಬಡಗ ಅಜ್ಜಿಯೊಬ್ಬರು ತಲೆವಸ್ತ್ರ ಸರಿಮಾಡಿಕೊಂಡು ನಮ್ಮನ್ನು ವಿಚಾರಿಸಿದರು. ಅವರ ಬಡಗ ನಮಗೆ ಮುಕ್ಕಾಲು ತಿಳಿಯಿತು, ನಮ್ಮ ಕನ್ನಡ ಅವರಿಗೆ ಬಹುಶಃ ಅಷ್ಟೇ. ನೆರಳು ಇಲ್ಲವಾಗುವುದನ್ನು ನೋಡಲು ಬಂದಿದ್ದೇವೆ ಎಂದು ಅಕ್ಕ ಕೈಸನ್ನೆ ಸೇರಿಸಿ ಹೇಳಿದಳು. ಅವರು ಕಳೆಗುದ್ದಲಿಯನ್ನು ನೆಲಕ್ಕೂರಿ ತಾವೂ ನಿಂತರು.

ಕಾಯುತ್ತಿದ್ದಾಗ ಲಂಡನ್ನಿನಲ್ಲಿರುವ ಚಿಕ್ಕಮ್ಮನ ಮಗಳ ನೆನಪಾಯಿತು. ಡಿಸೆಂಬರಿನ ನಡುಹಗಲಲ್ಲೂ ಅಲ್ಲಿ ಸೂರ್ಯ ಹದಿನೈದು ಡಿಗ್ರಿ ಮಾತ್ರ ಏರುತ್ತಾನೆ, ನೆರಳು ಅವಳ ಹತ್ತಿರಹತ್ತಿರ ನಾಲ್ಕು ಪಟ್ಟು. ಆ ತಿಂಗಳುಗಳಲ್ಲಿ ಅವಳು ಹಿಮದಲ್ಲಿ ಎಷ್ಟು ಹೊತ್ತು ನಿಂತರೂ ಚರ್ಮದಲ್ಲಿ ವಿಟಮಿನ್ ಹುಟ್ಟುವುದಿಲ್ಲ, ಮಾತ್ರೆಯೇ ಗತಿ. ಊಟಿಯಲ್ಲಿ ಅದೇ ಡಿಸೆಂಬರ್ ಮಧ್ಯಾಹ್ನ ನೆರಳು ಆಳಿಗಿಂತ ಚಿಕ್ಕದು. ವರ್ಷದ ಒಂದು ದಿನವೂ ನಮ್ಮ ನಾಡಿನ ಮೇಲೆ ಈ ಬಾಗಿಲು ಮುಚ್ಚುವುದಿಲ್ಲ.

ಹನ್ನೆರಡೂ ಇಪ್ಪತ್ತಕ್ಕೆ ಮೋಡ ಹರಿಯಿತು.

ಅಕ್ಕ ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ರವಿಕೆಯ ತೋಳು ಮೇಲೇರಿಸಿ, ಸೆರಗನ್ನು ಮುಖದ ಮೇಲಷ್ಟೇ ನೆರಳಾಗಿ ಹಿಡಿದು, ತೋಳು ಮುಂದೆ ಚಾಚಿ ನಿಂತಳು. "ಎಷ್ಟು ಹೊತ್ತೋ?" "ಹದಿನೈದು ನಿಮಿಷ ಸಾಕು. ಈ ಎತ್ತರದಲ್ಲಿ ಸುಟ್ಟುಬಿಡುತ್ತೆ." ನಮ್ಮಂಥ ಕಂದು ಚರ್ಮಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು, ನಿಜ. ಆದರೆ ಒಂದು ಮಟ್ಟ ಮುಟ್ಟಿದ ಮೇಲೆ ಚರ್ಮವೇ ಹೆಚ್ಚಾದದ್ದನ್ನು ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತದೆ. ಬೇಯುತ್ತ ನಿಂತರೆ ಲಾಭವಿಲ್ಲ. ಒಂದೇ ದಿನ ತುಂಬಿಕೊಳ್ಳುವುದಕ್ಕಿಂತ ವಾರದಲ್ಲಿ ಕೆಲವು ದಿನ ಸ್ವಲ್ಪ ಸ್ವಲ್ಪ ನಿಲ್ಲುವುದು ಮೇಲು. ಬ್ಯಾಂಕಿನ ಹಿಂದಿನ ಅಂಗಳದಲ್ಲಿ ಊಟದ ಹೊತ್ತಿಗೆ ನಿಲ್ಲುತ್ತೇನೆ ಎಂದಳು. ಕೊರತೆ ತುಂಬುವವರೆಗೆ ವೈದ್ಯರ ಪುಡಿಯೂ ಬಿಡುವಂತಿಲ್ಲ ಎಂದು ನೆನಪಿಸಿದೆ.

12 ಗಂಟೆ 22 ನಿಮಿಷ. ಹೊಲದ ಬೇಲಿಗಂಬಗಳು ಪ್ರತಿಯೊಂದೂ ತನ್ನ ನೆರಳನ್ನು ನುಂಗಿಕೊಂಡು ನಿಂತಿದ್ದವು. ಅಜ್ಜಿ ಹಿಡಿದಿದ್ದ ಗುದ್ದಲಿಯ ಕಾವಿಗೆ ನೆರಳಿರಲಿಲ್ಲ. ಅಕ್ಕ ಬಗ್ಗಿ ಪಾದದ ಸುತ್ತ ಹುಡುಕಿದಳು. ಐದು ಪಟ್ಟು ಉದ್ದಕ್ಕೆ ಕಕ್ಕೆಮರದವರೆಗೆ ಚಾಚಿದ್ದು ಈಗ ಅವಳ ಸೀರೆಯ ಅಂಚಿನೊಳಗೆ ಒಂದು ತಟ್ಟೆಯಷ್ಟಾಗಿ ಮುದುರಿ ಕೂತಿತ್ತು. ಯಾರೂ ಮಾತಾಡಲಿಲ್ಲ. ಕೊಂಚ ಹೊತ್ತಿಗೆ ಅದರ ಒಂದು ಮೂಲೆ ಪೂರ್ವದ ಕಡೆಗೆ, ಉಗುರಿನಷ್ಟು, ಹೊರಬಂತು.