ಪಾಪಿಯ ಜಾಕೆಟ್ಟು

ಫ್ರೆಂಚರು ಅಜ್ಜನನ್ನು 'ಪಾಪಿ' ಅಂತ ಕರೀತಾರೆ. ಅಜ್ಜಿಯನ್ನು 'ಮಾಮಿ'. ಮಾಮಿಯೇನೋ ಪರವಾಗಿಲ್ಲ, ನಮ್ಮ ಪಕ್ಕದ ಮನೆಯ ಮೈಲಾಪುರದ ಮಾಮಿಯಿಂದಾಗಿ ನನ್ನ ಕಿವಿಗೆ ಅಭ್ಯಾಸ ಇತ್ತು. ಆದರೆ ಒಂದು ಇಡೀ ಮನೆ ಊಟದ ಮೇಜಿನ ಸುತ್ತ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, ತೀರಿಹೋದ ಹಿರಿಯರನ್ನು "ಪಾಪಿ... ಪಾಪಿ..." ಅಂತ ನೆನೆಸಿಕೊಳ್ಳುತ್ತಿದ್ದರೆ ಕನ್ನಡದ ಹುಡುಗನೊಬ್ಬ ಮುಖ ಗಂಭೀರವಾಗಿ ಇಟ್ಟುಕೊಳ್ಳೋದು ಎಷ್ಟು ಕಷ್ಟ ಅಂತ ನಿಮಗೆ ಹೇಗೆ ಹೇಳಲಿ! ಪಾಪಿ ಚಿರಾಯು ಅಂತ ಬೇರೆ ನಮ್ಮಲ್ಲಿ ಗಾದೆ. ಈ ಪಾಪಿ ಎಪ್ಪತ್ತನಾಲ್ಕಕ್ಕೇ ಹೋಗಿಬಿಟ್ಟಿದ್ದರು, ನಾನು ಅವರ ಮಗಳ ಮನೆಗೆ ಹೋಗುವ ಐದು ತಿಂಗಳ ಮುಂಚೆ.

ನಾನಾಗ ಇಂಜಿನಿಯರಿಂಗಿನ ಕೊನೆಯ ಸೆಮಿಸ್ಟರಿಗೆ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಲಿಯೋಂ ನಗರಕ್ಕೆ ಹೋಗಿದ್ದೆ. 2019ರ ಜನವರಿ. ಹಾಸ್ಟೆಲ್ ಸಿಗದೆ ಒಂದು ಮನೆಯಲ್ಲಿ ಉಳಿದುಕೊಂಡೆ. ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ಬಂದ ದಿನವೇ ಇಬ್ಬರೂ ಹೆಸರು ಹಿಡಿದು ಕರಿ, 'ತ್ಯು' ಅನ್ನು ಅಂದರು. 'ತ್ಯು' ಅಂದರೆ ನೀನು, 'ವೂ' ಅಂದರೆ ನೀವು. ನನ್ನ ಅಮ್ಮನ ವಯಸ್ಸಿನವರಿಗೆ ಹೆಸರು ಹಿಡಿದು ನೀನು ಅನ್ನೋದು ನನ್ನ ನಾಲಿಗೆಗೆ ಆಗಲೇ ಇಲ್ಲ. ಕೊನೆಗೆ ನಮ್ಮ ಕಡೆ ಹೊಸ ಸೊಸೆಯಂದಿರು ಮಾಡುವ ಉಪಾಯವನ್ನೇ ಮಾಡಿದೆ. ಕರೆಯೋದೇ ಬೇಡದ ಹಾಗೆ ವಾಕ್ಯ ಕಟ್ಟುವುದು! "ಉಪ್ಪು ಅಲ್ಲಿದೆಯಾ?" "ಇವತ್ತು ಬರೋದು ತಡವಾಗುತ್ತಾ?" ಹೀಗೆ.

ಫೆಬ್ರವರಿಯಲ್ಲಿ ಅಲ್ಲಿ ಶಾಲೆಗಳಿಗೆ ಎರಡು ವಾರ ಚಳಿಗಾಲದ ರಜೆ. ಎಲ್ಲರೂ ಒಟ್ಟಿಗೇ ಬೆಟ್ಟಕ್ಕೆ ನುಗ್ಗಬಾರದು ಅಂತ ದೇಶವನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿ ರಜೆಯನ್ನು ಹಿಂದೆ ಮುಂದೆ ಮಾಡಿದ್ದಾರೆ. ನಮ್ಮದು ಎ ವಲಯ. "ನೀನೂ ನಮ್ಮ ಜೊತೆ ಸ್ಕೀಯಿಂಗಿಗೆ ಬರ್ತೀಯ" ಅಂದರು. ಕೇಳಿದ್ದಲ್ಲ, ಹೇಳಿದ್ದು.

ಸ್ಕೀಯಿಂಗ್ ಅಂದರೆ ನನಗೆ ಹಿಂದಿ ಸಿನಿಮಾದ ಶ್ರೀಮಂತರ ಶೋಕಿ. ಫ್ರಾನ್ಸಿನಲ್ಲೂ ಅದು ಎಲ್ಲರ ಕೈಗೆಟುಕುವುದಲ್ಲ. ವರ್ಷದಲ್ಲಿ ಹತ್ತರಲ್ಲಿ ಒಬ್ಬರೂ ಹೋಗುವುದಿಲ್ಲ. ಇವರು ಹೋಗುತ್ತಿದ್ದದ್ದು ಪಾಪಿಯ ಒಂದು ಪುಟ್ಟ ಫ್ಲಾಟ್ ಅಲ್ಲಿ ಇದ್ದದ್ದರಿಂದ. ಸ್ಕೀ ಹಲಗೆಗಳನ್ನು ಕೊಂಡದ್ದು ಚಳಿಗಾಲಕ್ಕೆ ಮುಂಚೆ ನಡೆಯುವ ಸೆಕೆಂಡ್‌ಹ್ಯಾಂಡ್ ಸಂತೆಯಲ್ಲಿ. ಮಗಳ ಪ್ಯಾಂಟು ಅವಳ ಕಸಿನ್‌ದು. ಒಂದು ವಾರದ ದಿನಸಿಯನ್ನೆಲ್ಲ ಲಿಯೋಂನಿಂದಲೇ ಕಾರಿಗೆ ತುಂಬಿದರು. ಬೆಟ್ಟದ ಮೇಲೆ ಎಲ್ಲಕ್ಕೂ ಒಂದೂವರೆ ಪಟ್ಟು ರೇಟಂತೆ. ಕಾಲಡಿ ಆಲೂಗಡ್ಡೆ ಚೀಲ, ತೊಡೆ ಮೇಲೆ ಚೀಸಿನ ಡಬ್ಬ. ಅಪ್ಪ ಬಾಡಿಗೆ ಓಮ್ನಿಯಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗುತ್ತಿದ್ದದ್ದು ನೆನಪಾಯಿತು. ವಾಂತಿ ಮಾಡುವ ಚಿಕ್ಕಮ್ಮ ಒಬ್ಬರು ಇರಲಿಲ್ಲ ಅಷ್ಟೆ :)

ಅಲ್ಲಿ ಬಾಡಿಗೆ ಮನೆಗಳೆಲ್ಲ ಶನಿವಾರದಿಂದ ಶನಿವಾರಕ್ಕೆ. ಹಾಗಾಗಿ ಇಡೀ ಜಗತ್ತೇ ಶನಿವಾರ ರಸ್ತೆಯಲ್ಲಿರುತ್ತದೆ. ಸರ್ಕಾರದ 'ಬಿಸೋಂ ಫ್ಯುತೆ', ಅಂದರೆ 'ಜಾಣ ಕಾಡೆಮ್ಮೆ' ಅನ್ನೋ ವ್ಯವಸ್ಥೆ ಯಾವ ದಿನ ಎಷ್ಟು ಟ್ರಾಫಿಕ್ ಅಂತ ಬಣ್ಣದಲ್ಲಿ ಮುಂಚೆಯೇ ಹೇಳುತ್ತೆ. ಹಸಿರು, ಕಿತ್ತಳೆ, ಕೆಂಪು, ಕಪ್ಪು. ಕಪ್ಪು ಅಂದರೆ ಸಿಲ್ಕ್ ಬೋರ್ಡ್ ಅಂದುಕೊಳ್ಳಿ. ಆಲ್ಬರ್‌ವಿಲ್ ಹತ್ತಿರ ನಾವು ಆಮೆ ನಡಿಗೆಯಲ್ಲಿದ್ದಾಗ ಮನೆಯ ಯಜಮಾನರು, ಇಲ್ಲಿ 1992ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಆದಾಗಲೇ ಈ ರಸ್ತೆ ಅಗಲ ಮಾಡಿದ್ದು, ಅದಕ್ಕೂ ಮುಂಚೆ ಹೇಗಿತ್ತೋ ಯೋಚಿಸು ಅಂದರು. ಯೋಚಿಸೋಕೆ ಬೇಕಾದಷ್ಟು ಟೈಮಿತ್ತು.

ನಾವು ಹೋದದ್ದು ಲೆಸ್ ಆರ್ಕ್ ಅನ್ನೋ ಕಡೆ, ಅದರ 1800 ಮೀಟರ್ ಎತ್ತರದ ಊರಿಗೆ. ಊರು ಅಂದರೆ ಹಳೇ ಊರಲ್ಲ. ಅರವತ್ತರ ದಶಕದಲ್ಲಿ ಫ್ರೆಂಚ್ ಸರ್ಕಾರವೇ ಆಸೆಪಟ್ಟು ಖಾಲಿ ಬೆಟ್ಟಗಳ ಮೇಲೆ ಸ್ಕೀ ಊರುಗಳನ್ನು ಎಬ್ಬಿಸಿತು. ಲೆಸ್ ಆರ್ಕ್‌ನ ವಿನ್ಯಾಸದ ಮುಖ್ಯ ತಲೆ ಷಾರ್ಲೊತ್ ಪೆರಿಯಾಂ ಅನ್ನೋ ಹೆಂಗಸು. ಚಂಡೀಗಢದ ನಕ್ಷೆ ಹಾಕಿದ ಲ ಕಾರ್ಬ್ಯುಸಿಯೆ ಇದ್ದಾರಲ್ಲ, ಅವರ ಜೊತೆ 1927ರಿಂದ ಹತ್ತು ವರ್ಷ ಕೆಲಸ ಮಾಡಿದವರು. ಜಾಗ ಕಮ್ಮಿ, ಆದರೆ ಎಲ್ಲರಿಗೂ ಬೆಟ್ಟ ಕಾಣಬೇಕು ಅನ್ನೋದು ಆಕೆಯ ಲೆಕ್ಕ. ಬಚ್ಚಲುಮನೆಗಳನ್ನು ಕಾರ್ಖಾನೆಯಲ್ಲೇ ಪಾಲಿಯೆಸ್ಟರಿನಲ್ಲಿ ಅಚ್ಚು ಹಾಕಿ ಇಡಿಯಾಗಿ ತಂದು ಕೂರಿಸಿದ್ದಾರೆ, ದೋಣಿಯೊಳಗೆ ನಿಂತು ಸ್ನಾನ ಮಾಡಿದ ಹಾಗಿರುತ್ತೆ. ಅಡುಗೆಮನೆಗೆ ಗೋಡೆಯಿಲ್ಲ. ಅಡುಗೆ ಮಾಡುವವಳು ಒಬ್ಬಳೇ ಮೂಲೆಯಲ್ಲಿ ಇರಬಾರದು ಅಂತ.

ಅದೆಲ್ಲ ಚೆಂದವೇ. ಆದರೆ ಮುನ್ನೂರು ಚದರಡಿಯಲ್ಲಿ ಐದು ಜನ! ಮಾಮಿ ಹಿಂದಿನ ದಿನವೇ ರೈಲಿನಲ್ಲಿ ಬಂದಿದ್ದರು. ಬಾಗಿಲ ಪಕ್ಕದ ಗೂಡಿನಲ್ಲಿ ರೈಲಿನ ಬರ್ತಿನಂಥ ಮಂಚ. ಕೆಳಗೆ ಹುಡುಗಿ, ಮೇಲೆ ನಾನು.

ಮಾರನೇ ಬೆಳಿಗ್ಗೆ ನನ್ನ ಬೆಂಗಳೂರಿನ ಜಾಕೆಟ್ಟನ್ನು ನೋಡಿ ಮನೆಯಾಕೆ ನಕ್ಕುಬಿಟ್ಟರು. ಹಿಮದಲ್ಲಿ ಬಿದ್ದರೆ ಹತ್ತು ನಿಮಿಷಕ್ಕೆ ಒದ್ದೆ ಬಟ್ಟೆಯಾಗುತ್ತೆ ಅಂದು ಕಪಾಟಿನಿಂದ ಒಂದು ಜಾಕೆಟ್ ತೆಗೆದು ಕೊಟ್ಟರು. ನೇರಳೆ ಬಣ್ಣ, ಭುಜದ ಮೇಲೆ ಕಣ್ಣಿಗೆ ಹೊಡೆಯುವ ಹಳದಿ ಪಟ್ಟಿ, ಎಂಬತ್ತರ ದಶಕದ್ದು. ಹಾಕಿಕೊಂಡು ಈಚೆ ಬಂದೆ. ಹುಡುಗಿ "ಪಾಪಿಯ ಜಾಕೆಟ್!" ಅಂತ ಕೂಗಿದಳು. ಮಾಮಿ ಕಾಫಿ ಬಗ್ಗಿಸುತ್ತಿದ್ದವರು ಹಾಗೇ ನಿಂತರು.

ನಮ್ಮ ಕಡೆ ಹೋದವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳೋದೇ ಕಮ್ಮಿ. ನಾನು ತೆಗೆಯೋಕೆ ಹೋದೆ. ಮಾಮಿ ಹತ್ತಿರ ಬಂದು ನನ್ನ ಕೈ ಸರಿಸಿ, ಜಿಪ್ ಹಿಡಿದರು. ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕೆಳತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಒಂದು ಸಲ ಹಿಂದಕ್ಕೆ ತಂದು ಸರ್ರನೆ ಕುತ್ತಿಗೆವರೆಗೂ ಏರಿಸಿದರು. "ನಲವತ್ತು ವರ್ಷ ಆದರೂ ಅವನಿಗೆ ಇದು ಬರಲಿಲ್ಲ" ಅಂದರು. ಆಮೇಲೆ ಆರು ದಿನವೂ ಬೆಳಿಗ್ಗೆ ನನ್ನ ಜಿಪ್ ಹಾಕಿದ್ದು ಅವರೇ. ನಾನೂ ಕಲಿಯೋಕೆ ಹೋಗಲಿಲ್ಲ.

ಸ್ಕೀ ಕಲಿತ ಕಥೆ ಚಿಕ್ಕದು. ಮೇಷ್ಟರು ದುಬಾರಿ, ಅದಕ್ಕೆ ಹುಡುಗಿಯೇ ನನ್ನ ಗುರು. ಹಲಗೆಗಳ ಮುಂದಿನ ತುದಿ ಕೂಡಿಸಿ ಹಿಮ್ಮಡಿ ಅಗಲಿಸಿದರೆ 'ಪಿಜ್ಜಾ', ನಿಲ್ಲುತ್ತೆ. ಎರಡನ್ನೂ ನೇರ ಇಟ್ಟರೆ 'ಫ್ರಿತ್', ಅಂದರೆ ಆಲೂ ಫ್ರೈ, ಓಡುತ್ತೆ. "ಪಿಜ್ಜಾ! ಪಿಜ್ಜಾ!" ಅಂತ ಅವಳು ಹಿಂದಿನಿಂದ ಕಿರುಚುತ್ತಿದ್ದರೆ ನಾನು ಫ್ರಿತ್ ಆಗಿಯೇ ಬೇಲಿ ಸೇರುತ್ತಿದ್ದೆ. ಮೊಣಕಾಲೆತ್ತರದ ಮಕ್ಕಳು ಸಾಲಾಗಿ ಬಾತುಕೋಳಿಗಳ ಹಾಗೆ ಪಕ್ಕದಲ್ಲೇ ಹೋಗುತ್ತಿದ್ದವು. ಬೆಟ್ಟ ಹತ್ತಿಸುವ ಕೇಬಲ್ಲಿಗೆ ಒಂದು ಕೋಲು, ಕೋಲಿನ ತುದಿಗೆ ತಟ್ಟೆ. ಅದನ್ನು ತೊಡೆ ಮಧ್ಯೆ ಇಟ್ಟುಕೊಳ್ಳಬೇಕು, ಕೂರಬಾರದು. ಆಡುಮಾತಲ್ಲಿ ಅದಕ್ಕೆ 'ಕುಂಡೆ ಎಳೆಯೋದು' ಅಂತಲೇ ಹೆಸರು. ಆ ವಾರ ಪೂರ್ತಿ ಬಿಸಿಲು, ಮಧ್ಯಾಹ್ನಕ್ಕೆ ಹಿಮ ಗಂಜಿಯಾಗುತ್ತಿತ್ತು, ಎದುರಿಗೆ ಮೋಂ ಬ್ಲಾಂ. ನಾಲ್ಕನೇ ದಿನ ಹಸಿರು ಹಾದಿಯನ್ನು ಬೀಳದೆ ಇಳಿದೆ. ಹಸಿರು ಎಲ್ಲಕ್ಕಿಂತ ಸುಲಭದ್ದು. ಆಮೇಲೆ ನೀಲಿ, ಕೆಂಪು, ಕಪ್ಪು. ಅವುಗಳ ಸುದ್ದಿ ನಮಗೆ ಬೇಡ.

ಅದೇ ದಿನ ಕೇಬಲ್ ಬುಡದಲ್ಲಿ ಕೆಲಸ ಮಾಡುವ ವಯಸ್ಸಾದವರೊಬ್ಬರು ದೂರದಿಂದ ನನ್ನನ್ನು ನೋಡಿ ಕೈ ಎತ್ತಿದರು. ಹತ್ತಿರ ಬಂದಾಗ ಮುಖ ನೋಡಿ ಕೈ ಇಳಿಸಿದರು. ಹುಡುಗಿ ಹೋಗಿ ಅವರಿಗೆ ಏನೋ ಹೇಳಿದಳು. ಅವರು ಟೋಪಿ ತೆಗೆದು, ತಟ್ಟೆಯನ್ನು ತಾವೇ ಹಿಡಿದು ನನಗೆ ಕೊಟ್ಟರು.

ರಾತ್ರಿ ಊಟಕ್ಕೆ ಕರಗಿಸಿದ ಚೀಸು, ಬೇಯಿಸಿದ ಆಲೂಗಡ್ಡೆ. ಅದಕ್ಕೆ ರಾಕ್ಲೆತ್ ಅನ್ನುತ್ತಾರೆ. ನನಗೋಸ್ಕರ ಮಾಂಸದ ತಟ್ಟೆಯನ್ನು ಮೇಜಿನ ಆ ತುದಿಗಿಟ್ಟಿದ್ದರು. ನಾನು ನಿಂಬೆ ಉಪ್ಪಿನಕಾಯಿ ತೆಗೆದೆ. ಯಜಮಾನರು ಕೆಮ್ಮಿದರು, ಮಾಮಿ ಎರಡನೇ ಸಲ ಹಾಕಿಸಿಕೊಂಡರು.

ಮಲಗಿದ ಮೇಲೆ ದೊಡ್ಡವರ ಮಾತು ಶುರುವಾಗುತ್ತಿತ್ತು. ಫ್ರೆಂಚ್ ಪಠ್ಯಪುಸ್ತಕದಲ್ಲಿ ಒಂದು ಜಾತಿಯ ಕ್ರಿಯಾಪದಗಳಿಗೆ ಮಾದರಿಯಾಗಿ ಕೊಡೋದು 'ವಾಂದ್ರ್', ಮಾರುವುದು. ಜ ವಾಂ, ತ್ಯು ವಾಂ, ನೂ ವಾಂದೋಂ... ನಾನು ಮಾರುತ್ತೇನೆ, ನೀನು ಮಾರುತ್ತೀಯ, ನಾವು ಮಾರುತ್ತೇವೆ. ನಮ್ಮ ಕಾಲೇಜಿನ ಫ್ರೆಂಚ್ ಮೇಡಂ ಬಾಯಿಪಾಠ ಮಾಡಿಸಿದ್ದು ಅದನ್ನೇ. ಆ ಕತ್ತಲಲ್ಲಿ ಮೇಲಿನ ಬರ್ತಿನಲ್ಲಿ ಮಲಗಿ ಅದರ ಎಲ್ಲ ರೂಪಗಳನ್ನೂ ಕೇಳಿಸಿಕೊಂಡೆ. ಮನೆಯಾಕೆಯ ತಮ್ಮ ಫೋನಿನಲ್ಲಿ: ಮಾರೋಣ. ಕಟ್ಟಡದ ರಿಪೇರಿಗೆ ಪ್ರತಿ ಫ್ಲಾಟಿನವರೂ ದುಡ್ಡು ಹಾಕಬೇಕು, ಪಿಂಚಣಿಯಲ್ಲಿ ಅಮ್ಮ ಎಲ್ಲಿಂದ ತರ್ತಾಳೆ? ಮನೆಯಾಕೆ: ಅಪ್ಪ ಲಾರಿ ಕಾರ್ಖಾನೆಯಲ್ಲಿ ಓವರ್‌ಟೈಮ್ ಮಾಡಿ ಕೊಂಡದ್ದು, ಮಾರೋಲ್ಲ. ಮಾಮಿ ಏನೂ ಅನ್ನುತ್ತಿರಲಿಲ್ಲ. ಕೆಳಗಿನ ಬರ್ತಿನಲ್ಲಿ ಹುಡುಗಿಯೂ ಎಚ್ಚರವಾಗಿದ್ದಳು, ಮಗ್ಗುಲು ಬದಲಾಯಿಸುವ ಸದ್ದು ಕೇಳುತ್ತಿತ್ತು. ಗೋಡೆಯಿಲ್ಲದ ಮನೆ ಕಟ್ಟಿದ ಪೆರಿಯಾಂ ಮೇಡಂಗೆ ಇದು ಹೊಳೆದಿರಲಿಕ್ಕಿಲ್ಲ.

ಸಾಗರದ ನಮ್ಮಜ್ಜನ ಮನೆ ಮಾರುವ ಮಾತಾದಾಗ ನಾನು ಪಿಯುಸಿ. ದೊಡ್ಡಪ್ಪ, ಅಪ್ಪ, ಅತ್ತೆ ಜಗಲಿಯಲ್ಲಿ. ನಾವು ಮಕ್ಕಳು ಒಳಗೆ ನಿದ್ದೆ ಬಂದವರ ಹಾಗೆ. ಅಲ್ಲೂ ಅಜ್ಜಿ ಮಾತಾಡಿರಲಿಲ್ಲ.

ಕೊನೆಯ ರಾತ್ರಿ ಮಾಮಿ ಬಾಯಿಬಿಟ್ಟರು. ಇನ್ನೂ ಎರಡು ಚಳಿಗಾಲ ಇರಲಿ, ಅಷ್ಟರಲ್ಲಿ ಹುಡುಗಿ ಕೆಂಪು ಹಾದಿ ಇಳಿಯಲಿ, ಆಮೇಲೆ ಮಾರಿ ಅಂದರು. ಯಾರೂ ಎದುರಾಡಲಿಲ್ಲ.

ಆ ಎರಡರಲ್ಲಿ ಸಿಕ್ಕಿದ್ದು ಒಂದೇ. 2020ರ ಫೆಬ್ರವರಿಯಲ್ಲಿ ಹೋಗಿ ಬಂದರು. ಮಾರ್ಚ್‌ನಲ್ಲಿ ಕೊರೋನಾ ಬಂದು ಸ್ಕೀ ಊರುಗಳೆಲ್ಲ ಮುಚ್ಚಿದವು. ಮುಂದಿನ ಚಳಿಗಾಲ ಪೂರ್ತಿ ಫ್ರಾನ್ಸಿನಲ್ಲಿ ಜನಸಾಮಾನ್ಯರಿಗೆ ಆ ಕೇಬಲ್ಲುಗಳು ಓಡಲೇ ಇಲ್ಲ. 2021ರ ಬೇಸಿಗೆಯಲ್ಲಿ ಫ್ಲಾಟ್ ಮಾರಿದರು. ಕೊಂಡವರು ಅಡುಗೆಮನೆ ಕಿತ್ತು ಹೊಸದು ಹಾಕಿಸುತ್ತಾರಂತೆ ಅಂತ ಮನೆಯಾಕೆ ಮೆಸೇಜ್ ಮಾಡಿದ್ದರು. ಅವರಿಗೆ ಉತ್ತರ ಬರೆಯುವಾಗ ನಾನು ಈಗಲೂ 'ವೂ' ಅಂತಲೇ ಬರೆಯುತ್ತೇನೆ, ಅವರೂ ಬೈಯೋದು ಬಿಟ್ಟಿದ್ದಾರೆ.

ಹುಡುಗಿ ಈಗ ನಮ್ಮ ಪಿಯುಸಿ ಮಟ್ಟದ ತರಗತಿಯಲ್ಲಿದ್ದಾಳೆ. ಹೋದ ಚಳಿಗಾಲದಲ್ಲಿ ಗೆಳತಿಯರ ಜೊತೆ ಬೇರೆ ಯಾವುದೋ ಬೆಟ್ಟಕ್ಕೆ ಹೋಗಿ ಫೋಟೋ ಕಳಿಸಿದ್ದಳು. ನೇರಳೆ ಜಾಕೆಟ್ಟು. ತೋಳು ಎರಡು ಮಡಿಕೆ ಮಡಿಸಿದ್ದಾಳೆ. ಜಿಪ್ ಕುತ್ತಿಗೆವರೆಗೂ ಇತ್ತು.