ಭಾವನ ಕೈಗಡಿಯಾರಕ್ಕೊಂದು ವಿಮೆ

ನಮ್ಮ ಸೀಮೆಯಲ್ಲಿ ಕೈಗಡಿಯಾರವೆಂಬುದು ಬಹುಕಾಲ ಮದುವೆಯೊಡನೆ ತಳಕು ಹಾಕಿಕೊಂಡಿದ್ದ ವಸ್ತು. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿ ಆರಂಭವಾದ ಮೇಲೆ, ಮದುಮಗನ ಮಣಿಕಟ್ಟಿನಲ್ಲಿ ಅದೊಂದು ಇಲ್ಲದಿದ್ದರೆ ಏನೋ ಕೊರತೆಯೆಂದು ಹಿರಿಯರಿಗೆ ಅನ್ನಿಸುತ್ತಿತ್ತು. ಪ್ರತಿದಿನ ಬೆಳಿಗ್ಗೆ ಕೀಲಿ ಕೊಡುವುದು, ಬಚ್ಚಲಿಗೆ ಹೋಗುವ ಮುನ್ನ ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿಡುವುದು, ನೀರು ಹೊಕ್ಕರೆ ಅಕ್ಕಿಯ ಡಬ್ಬಿಯಲ್ಲಿ ಹುಗಿಯುವುದು: ಅದರ ಆರೈಕೆಯೆಲ್ಲ ಅಷ್ಟೇ. ಕಳೆದುಹೋದರೆ ಮನೆಯಲ್ಲಿ ನಾಲ್ಕು ದಿನ ಬೈಗುಳ; ಐದನೆಯ ದಿನ ಮರೆವು. ಅದಕ್ಕೆ ವಿಮೆ ಮಾಡಿಸಬೇಕೆಂದು ಯಾರಾದರೂ ಹೇಳಿದ್ದರೆ ನಗೆಪಾಟಲಾಗುತ್ತಿದ್ದರು. ಆ ಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡುವ ಹೊತ್ತಿಗೆ, ಗಲ್ಫ್ ನಾಡುಗಳಿಂದ ಮರಳಿದವರ ಮೂಲಕ ಬೇರೊಂದು ಬಗೆಯ ಗಡಿಯಾರಗಳು ನಮ್ಮ ಮನೆಗಳ ಒಳಹೊಕ್ಕಿದ್ದವು.

ವಿಟ್ಲದ ನನ್ನ ಅಕ್ಕನ ಮನೆಗೆ ಬಂದದ್ದು ಅಂಥದೇ ಒಂದು ಒಮೆಗಾ. ಭಾವ ಕುವೈತಿನಲ್ಲಿ ಇಪ್ಪತ್ತೇಳು ವರ್ಷ ಒಂದು ನಿರ್ಮಾಣ ಸಂಸ್ಥೆಯ ದಾಸ್ತಾನು ಮಳಿಗೆಯಲ್ಲಿ ದುಡಿದವರು. ನಿವೃತ್ತಿಯ ದಿನ ಮಾಲೀಕರು ಕೊಟ್ಟ ಉಡುಗೊರೆಯದು. ಊರಿಗೆ ಬಂದ ಮೇಲೆ ಭಾನುವಾರಗಳಂದು ಮತ್ತು ಮದುವೆಮನೆಗಳಿಗೆ ಮಾತ್ರ ಅದನ್ನು ಕಟ್ಟುತ್ತಿದ್ದರು. ಉಳಿದ ದಿನ ಅಡಿಕೆ ತೋಟದಲ್ಲಿ ಅವರಿಗೆ ಸೂರ್ಯನೇ ಸಾಕಾಗಿತ್ತು. ಅವರು ತೀರಿಕೊಂಡ ಬಳಿಕ ಅಕ್ಕ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ರಾತ್ರಿ ನಾಯಿ ಬೊಗಳಿದಾಗಲೆಲ್ಲ ಎದ್ದು ಕಪಾಟಿನ ಹಿಡಿಯನ್ನು ಮುಟ್ಟಿ ನೋಡತೊಡಗಿದಳು.

ಆಕೆಯ ಅಂಜಿಕೆ ಕಾರಣವಿಲ್ಲದ್ದೆಂದು ನಾನು ಹೇಳಲಾರೆ. 2024ರ ಫೆಬ್ರವರಿಯಲ್ಲಿ ಸಮೀಪದ ಅಡ್ಯನಡ್ಕದಲ್ಲಿ ಬ್ಯಾಂಕ್ ಶಾಖೆಯೊಂದಕ್ಕೇ ಕಳ್ಳರು ನುಗ್ಗಿ ಚಿನ್ನ, ನಗದು ದೋಚಿದ್ದರು. 2025ರ ಜನವರಿ ಆರಂಭದಲ್ಲಿ ಬೋಳಂತೂರಿನ ಮನೆಯೊಂದಕ್ಕೆ ತನಿಖಾಧಿಕಾರಿಗಳೆಂದು ಹೇಳಿಕೊಂಡು ಬಂದವರು ಹಣ ಕೊಂಡೊಯ್ದರು. ಅದೇ ತಿಂಗಳ 17ರಂದು ಕೋಟೆಕಾರಿನ ಸಹಕಾರಿ ಸಂಘದಲ್ಲಿ ಹಾಡಹಗಲೇ ದರೋಡೆ ನಡೆಯಿತು. ಒಬ್ಬಂಟಿ ಹೆಂಗಸು ಇವನ್ನೆಲ್ಲ ಪತ್ರಿಕೆಯಲ್ಲಿ ಓದಿ ನೆಮ್ಮದಿಯಿಂದ ಮಲಗುವುದು ಹೇಗೆ?

ಲಾಕರಿನಲ್ಲಿಟ್ಟರಾಯಿತೆಂದು ಬಂಧುಗಳು ಹೇಳಿದರು. ಲಾಕರಿನಲ್ಲಿಟ್ಟ ವಸ್ತುವಿಗೆಲ್ಲ ಬ್ಯಾಂಕೇ ಹೊಣೆಯೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, 2022ರ ಜನವರಿ 1ರಿಂದ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕು ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಹೊಣೆಗಾರ. ಬಾಡಿಗೆ 2,000 ರೂಪಾಯಿಯಾದರೆ ಹೊಣೆ 2 ಲಕ್ಷಕ್ಕೆ ಸೀಮಿತ. ಒಳಗಿರುವ ಕರಿಮಣಿ, ಬಳೆ, ಗಡಿಯಾರ ಎಲ್ಲವೂ ಅಷ್ಟರಲ್ಲೇ ಅಡಕ. ನೆರೆ, ಸಿಡಿಲು, ಭೂಕಂಪಗಳಂಥ ಪ್ರಕೃತಿ ವಿಕೋಪಕ್ಕೆ ಅದೂ ಇಲ್ಲ. ಅದಕ್ಕಿಂತ ಮಿಗಿಲಾಗಿ, ಅಕ್ಕನಿಗೆ ಆ ಗಡಿಯಾರವನ್ನು ಕತ್ತಲೆಯಲ್ಲಿ ಕೂಡಿಹಾಕುವ ಮನಸ್ಸಿರಲಿಲ್ಲ. ಮಗನ ಮದುವೆ ನಿಶ್ಚಯವಾಗಿತ್ತು. ರೋಸಿನ ದಿನದಿಂದಲೇ ಅದು ಅವನ ಕೈಯಲ್ಲಿರಬೇಕೆಂಬುದು ಆಕೆಯ ಆಸೆ. "ಕಟ್ಟಿಕೊಳ್ಳಲಿ, ಆದರೆ ಹೋದರೆ ಹೋಯಿತೆಂದು ಬಿಡುವಷ್ಟು ಶಕ್ತಿ ನನಗಿಲ್ಲ" ಎಂದಳು. ಹೀಗೆ ನಾವಿಬ್ಬರೂ ವಿಮೆಯ ಬಾಗಿಲು ತಟ್ಟಿದೆವು.

ಮೊದಲು ಹೋದ ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿನ ಯುವಕ, "ಅಮ್ಮಾ, ಕಾರಿಗೆ ಉಂಟು, ದನಕ್ಕೂ ಉಂಟು, ವಾಚಿಗೆ ಇಲ್ಲ" ಎಂದು ನಕ್ಕು ಮುಂದಿನವರನ್ನು ಕರೆದ. ಆ ನಗೆ ಅಕ್ಕನನ್ನು ನೋಯಿಸಿತು. ವಾಸ್ತವದಲ್ಲಿ ಆತ ಹೇಳಿದ್ದು ಅರ್ಧ ಸತ್ಯ. ಒಂಟಿ ಗಡಿಯಾರಕ್ಕೆಂದೇ ಪ್ರತ್ಯೇಕ ಪಾಲಿಸಿ ನಮ್ಮ ದೇಶದಲ್ಲಿ ಅಪರೂಪ. ಆದರೆ ಗೃಹವಿಮೆಯ ಒಳಗೆ ಆಭರಣ ಮತ್ತು ಬೆಲೆಬಾಳುವ ವಸ್ತುಗಳ ವಿಭಾಗದಲ್ಲಿ ಅದಕ್ಕೆ ಸ್ಥಾನವಿದೆ. ಅಗ್ಗದ ದಾರಿಯೂ ಅದೇ.

ನಿವೃತ್ತ ವಿಮಾ ಅಧಿಕಾರಿಯೊಬ್ಬರು ನಮ್ಮ ಪರಿಚಿತರು. ಅವರು ಅಕ್ಕನಿಗೆ ಬೆಳೆವಿಮೆಯ ಮೂಲಕವೇ ಪಾಠ ಹೇಳಿದರು. ಅಡಿಕೆಗೆ ಹವಾಮಾನ ಆಧಾರಿತ ವಿಮೆಯಲ್ಲಿ ಹೆಕ್ಟೇರಿಗೆ 1,28,000 ರೂಪಾಯಿಯ ರಕ್ಷಣೆಗೆ ರೈತನ ಪಾಲು ಶೇ. 5, ಅಂದರೆ 6,400 ರೂಪಾಯಿ. ಉಳಿದ ಪ್ರೀಮಿಯಂ ಸರಕಾರಗಳದು. ಅಲ್ಲಿ ತೋಟಕ್ಕೆ ಬಂದು ಕೊಳೆರೋಗದ ಕಾಯಿ ಎಣಿಸುವವರಿಲ್ಲ, ಮಳೆಮಾಪಕದ ಅಂಕಿಯೇ ತೀರ್ಪು ಹೇಳುತ್ತದೆ. "ಗಡಿಯಾರಕ್ಕೆ ಸರಕಾರದ ಪಾಲೂ ಇಲ್ಲ, ಮಳೆಮಾಪಕವೂ ಇಲ್ಲ. ನೀವು ಬರೆದುಕೊಟ್ಟ ಮಾತು ಮತ್ತು ನಿಮ್ಮಲ್ಲಿರುವ ಕಾಗದ, ಇವೆರಡೇ" ಎಂದರು. ಸಹಾಯಧನದ ವಿಮೆಗೆ ಒಗ್ಗಿದ ನಮಗೆ ಈ ವ್ಯತ್ಯಾಸ ಮನಗಾಣುವುದು ಅವಶ್ಯವಿತ್ತು.

ಅವರು ಮೊದಲು ತೋರಿಸಿದ್ದು 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯನ್ನು. ಬೆಂಕಿ, ಸಿಡಿಲು, ನೆರೆ, ಭೂಕುಸಿತ ಮುಂತಾದವುಗಳಿಂದ ಕಟ್ಟಡಕ್ಕೆ ರಕ್ಷಣೆ. ಕಟ್ಟಡ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನುಗಳಿಗೂ ತಾನಾಗಿ ರಕ್ಷಣೆ. ಆಭರಣದಂಥ ಅಮೂಲ್ಯ ವಸ್ತುಗಳನ್ನು ಮುಂಗಡ ಒಪ್ಪಿದ ಮೌಲ್ಯಕ್ಕೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಅಂಥವುಗಳ ಒಟ್ಟು ಮೊತ್ತ 5 ಲಕ್ಷ ಮೀರದೆ, ಒಂದೊಂದರ ಬೆಲೆ 1 ಲಕ್ಷ ದಾಟದೆ ಇದ್ದರೆ ಮೌಲ್ಯಮಾಪಕರ ಪತ್ರ ಬೇಕಿಲ್ಲ. ನಮ್ಮ ಗಡಿಯಾರ ಆ ಗೆರೆಯನ್ನು ದಾಟಿತ್ತು. ಪಾಲಿಸಿಯ ವಿವರಣೆಯಲ್ಲಿ ಆಭರಣ, ಬೆಳ್ಳಿ, ಚಿತ್ರಕಲೆ, ರತ್ನಗಂಬಳಿ, ಪುರಾತನ ವಸ್ತು ಎಂದೆಲ್ಲ ಇದೆ. ಗಡಿಯಾರವೆಂಬ ಪದ ನನಗೆ ಕಾಣಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅದರ ಹೆಸರನ್ನೇ ಸ್ಪಷ್ಟವಾಗಿ ಬರೆಸಬೇಕು.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿಯದು. ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ರಕ್ಷಣೆಯಿರುವುದು ಬೆಂಕಿ, ನೆರೆಯಂಥ ಅನಾಹುತ ನಡೆದು, ಅದರ ಪರಿಣಾಮವಾಗಿ, ಏಳು ದಿನಗಳೊಳಗೆ ಕಳವಾದರೆ ಮಾತ್ರ. ಸಾಮಾನ್ಯ ಕನ್ನಗಳವಿಗೆ ಬೇರೆ ವಿಭಾಗವೇ ಬೇಕು. ಆ ವಿಭಾಗದಲ್ಲಿಯೂ 'ಕನ್ನಗಳವು' ಎಂದರೆ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವು. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿದೆ. ತೆರೆದ ಬಾಗಿಲಿನಿಂದ ಬಂದು ಮೇಜಿನ ಮೇಲಿದ್ದುದನ್ನು ಎತ್ತಿಕೊಂಡು ಹೋದರೆ ನಮ್ಮ ದೃಷ್ಟಿಯಲ್ಲಿ ಕಳವು, ಆ ವಿಭಾಗದ ದೃಷ್ಟಿಯಲ್ಲಿ ಅಲ್ಲ. ಹಗಲು ಬಾಗಿಲು ಹಾಕುವ ರೂಢಿಯೇ ಇಲ್ಲದ ನಮ್ಮ ಹಳ್ಳಿಮನೆಗಳಿಗೆ ಇದು ದೊಡ್ಡ ತೊಡಕು.

ಮನೆಯಿಂದ ಹೊರಗೆ ಕಟ್ಟಿಕೊಂಡು ಹೋಗುವ ವಸ್ತುವಿಗೆ ಬೇಕಾದದ್ದು 'ಆಲ್ ರಿಸ್ಕ್' ಎಂಬ ರಕ್ಷಣೆ. ಹೆಸರು ಸರ್ವ ಅಪಾಯವೆಂದಿದ್ದರೂ ಸರ್ವವೂ ಅದರಲ್ಲಿಲ್ಲ. ಸವೆತ, ಯಂತ್ರದ ಆಂತರಿಕ ದೋಷ ಅದರಿಂದ ಹೊರಗೆ. ಗಡಿಯಾರಕ್ಕೆ ಅತಿಯಾಗಿ ಕೀಲಿ ಕೊಟ್ಟು ಕೆಡಿಸಿದ್ದಕ್ಕೂ ಪರಿಹಾರವಿಲ್ಲವೆಂದು ಹಳೆಯ ವಾಕ್ಯವೊಂದು ಇಂದಿಗೂ ಉಳಿದುಕೊಂಡಿರುವುದನ್ನು ಕಂಡು ನನಗೆ ನಗು ಬಂತು. ಮಂಕಿ ಹಿಡಿದ ಎಚ್.ಎಂ.ಟಿ. ಗಡಿಯಾರಕ್ಕೆ ಹಲ್ಲು ಕಚ್ಚಿ ಕೀಲಿ ಕೊಡುತ್ತಿದ್ದ ನನ್ನ ಅಪ್ಪನನ್ನು ಕಂಡವರೇ ಅದನ್ನು ಬರೆದಿರಬೇಕು.

ಪ್ರೀಮಿಯಂ ತಗ್ಗಿಸಲು ಬೆಲೆಯನ್ನೇ ತಗ್ಗಿಸಿ ಬರೆದರೇನೆಂದು ಅಕ್ಕ ಕೇಳಿದಳು. ಅಧಿಕಾರಿ ಕಾಗದದ ಮೇಲೆ ಲೆಕ್ಕ ಹಾಕಿದರು. 4 ಲಕ್ಷದ ವಸ್ತುವನ್ನು 1 ಲಕ್ಷಕ್ಕೆ ವಿಮೆ ಮಾಡಿಸಿದರೆ, ಸರಾಸರಿ ನಿಯಮವಿರುವ ಪಾಲಿಸಿಯಲ್ಲಿ, ಉಳಿದ ಮುಕ್ಕಾಲು ಪಾಲಿಗೆ ನೀವೇ ವಿಮಾದಾರರು. ಗಾಜು ಒಡೆದು ದುರಸ್ತಿಗೆ 40,000 ಆದರೆ ಕೈಗೆ ಬರುವುದು 10,000 ಮಾತ್ರ, ಅದರಲ್ಲೂ ಪಾಲಿಸಿದಾರನೇ ಭರಿಸಬೇಕಾದ ಮೊದಲ ಅಂಶವನ್ನು ಕಳೆದು. ಅಗ್ಗವಾಗಿಸಲು ಇರುವ ನೇರ ಮಾರ್ಗ ಆ 'ಮೊದಲ ಅಂಶ'ವನ್ನು ತುಸು ಹೆಚ್ಚು ಒಪ್ಪಿಕೊಳ್ಳುವುದು. ಸಣ್ಣ ಗೀರು, ಪಟ್ಟಿಯ ಕೊಂಡಿ ಇವನ್ನು ನಾವೇ ನೋಡಿಕೊಂಡು, ದೊಡ್ಡ ನಷ್ಟಕ್ಕೆ ಮಾತ್ರ ವಿಮೆಯನ್ನು ಇಟ್ಟುಕೊಳ್ಳುವುದು ಜಾಣತನವೆಂದು ನನಗೂ ತೋರಿತು.

ಆಮೇಲೆ ಕಾಗದಗಳ ಬೇಟೆ. ಉಡುಗೊರೆಗೆ ಬಿಲ್ಲು ಎಲ್ಲಿಂದ ಬರಬೇಕು? ಭಾವನ ಹಳೆಯ ಪೆಟ್ಟಿಗೆಯಲ್ಲಿ ಗಡಿಯಾರದ ವಾರಂಟಿ ಕಾರ್ಡು, ಸಂಸ್ಥೆಯವರು ಕೊಟ್ಟ ಬೀಳ್ಕೊಡುಗೆ ಪತ್ರ, ಆ ದಿನದ ಫೋಟೋ ಮೂರೂ ದೊರಕಿದವು. ಅಕ್ಕ ಫೋಟೋವನ್ನು ಬಹಳ ಹೊತ್ತು ನೋಡಿ, "ಇದನ್ನು ಮಾತ್ರ ಕೊಡುವುದಿಲ್ಲ, ನಕಲು ಮಾಡಿಸು" ಎಂದಳು. ಗಡಿಯಾರದ ಮೇಲೆ ಕೊರೆದ ಕ್ರಮಾಂಕ ಕಾರ್ಡಿನ ಕ್ರಮಾಂಕಕ್ಕೆ ತಾಳೆಯಾಯಿತು. ಮಂಗಳೂರಿನಲ್ಲಿ ಮೌಲ್ಯಮಾಪಕರು 3,80,000 ರೂಪಾಯಿಯೆಂದು ಬರೆದುಕೊಟ್ಟರು. ಗಡಿಯಾರ ಈಗ ಯಾರದು ಎಂಬ ಪ್ರಶ್ನೆಯೂ ಎದ್ದಿತು. ಸತ್ತವರ ಸೊತ್ತಿಗೆ ವಿಮೆ ಮಾಡಿಸುವವನಿಗೆ ಅದರಲ್ಲಿ ಹಕ್ಕಿರಬೇಕಷ್ಟೆ. ಅಕ್ಕನ ಹೆಸರಿನಲ್ಲಿರಲೆಂದು ಮಕ್ಕಳಿಬ್ಬರೂ ಬರೆದು ಸಹಿ ಹಾಕಿಕೊಟ್ಟರು. ಹಂಚಿಕೆಯ ಮಾತು ಬಂದಾಗ ಅಣ್ಣತಮ್ಮಂದಿರು ಮುಖ ತಿರುಗಿಸುವ ಈ ಕಾಲದಲ್ಲಿ ಅದೊಂದು ಸಣ್ಣ ಕೆಲಸವಲ್ಲ.

ಆ ಮನೆಯ ಕುರಿತೇ ಒಂದು ಮಾತು. ಗಡಿಯಾರದ ಅರ್ಜಿ ತುಂಬುವಾಗ ಅಧಿಕಾರಿ, "ಮನೆಗೆ ವಿಮೆಯುಂಟೇ?" ಎಂದು ಸಹಜವಾಗಿ ಕೇಳಿದರು. ಇರಲಿಲ್ಲ. ಹಿಂದೆ ಗುಡ್ಡ, ಮುಂದೆ ತೋಟ, ಮೇಲೆ ಮಂಗಳೂರು ಹಂಚು. ಇಪ್ಪತ್ತೇಳು ವರ್ಷದ ಮರಳುಗಾಡಿನ ದುಡಿಮೆಯೆಲ್ಲ ನಿಂತಿರುವುದು ಅಲ್ಲಿ. 2025ರ ಮೇ 30ರಂದು ಉಳ್ಳಾಲ ತಾಲೂಕಿನ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ಹಿರಿಜೀವವೂ ಎಳೆಯ ಮಕ್ಕಳೂ ಮಣ್ಣಾದ ಸುದ್ದಿಯನ್ನು ನಾವು ಮರೆತಿಲ್ಲ. ಜೀವಕ್ಕೆ ಯಾವ ಪಾಲಿಸಿಯೂ ಬೆಲೆಯಲ್ಲ. ಗೋಡೆಯನ್ನಾದರೂ ಮತ್ತೆ ಎಬ್ಬಿಸಬಹುದು. ಮಣಿಕಟ್ಟಿನ ಅಲಂಕಾರಕ್ಕೆ ವಿಮೆ ಹುಡುಕುತ್ತಾ ಹೋದವರು ತಲೆಯ ಮೇಲಿನ ಸೂರಿಗೂ ಮಾಡಿಸಿ ಬಂದೆವು. ನನ್ನನ್ನು ಕೇಳಿದರೆ ಕ್ರಮವೇ ಅದು: ಮೊದಲು ಸೂರು, ಮತ್ತೆ ಒಡವೆ.

ಗಡಿಯಾರದ ಪಾಲಿಗೆ ನಮಗೆ ಹೇಳಿದ ದರ ಮೌಲ್ಯದ ಸುಮಾರು ಶೇ. 1: ವರ್ಷಕ್ಕೆ 3,800 ರೂಪಾಯಿ, ಅದರ ಮೇಲೆ ಶೇ. 18 ಜಿ.ಎಸ್.ಟಿ. 684, ಒಟ್ಟು 4,484. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯವಿಮೆಗಳ ಮೇಲಿನ ತೆರಿಗೆ ಹೋಗಿದೆಯಾದರೂ ವಸ್ತುಗಳ ವಿಮೆಗೆ ಆ ಭಾಗ್ಯ ಬಂದಿಲ್ಲ. ಅಕ್ಕ ಮನಸ್ಸಿನಲ್ಲೇ ಎಷ್ಟು ಕಿಲೋ ಅಡಿಕೆಯೆಂದು ಲೆಕ್ಕ ಹಾಕಿ, ತುಸು ಹೊತ್ತು ಸುಮ್ಮನಿದ್ದು, ಸಹಿ ಹಾಕಿದಳು. ಕಳವಾದರೆ ತಡಮಾಡದೆ ವಿಟ್ಲ ಠಾಣೆಯಲ್ಲಿ ದೂರು ದಾಖಲಿಸಿ ವಿಮಾ ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ಪರಿಹಾರ ನಿರಾಕರಿಸಿದರೆ ಮೊದಲು ಕಂಪೆನಿಯ ದೂರು ವಿಭಾಗಕ್ಕೆ, ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ಬರೆಯಬಹುದು. ಇವನ್ನು ಅಧಿಕಾರಿ ಹೇಳುತ್ತಿದ್ದಂತೆ ಆಕೆ ತನ್ನ ಸಾಮಾನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಳು.

ಮದುವೆ ಮುಗಿಯಿತು. ಸೋದರಳಿಯನಿಗೆ ದುಬೈಯಲ್ಲಿ ಕೆಲಸವಾಗಿ, ಗಡಿಯಾರವನ್ನು ಕಟ್ಟಿಕೊಂಡೇ ಹೋಗುವೆನೆಂದ. ಪಾಲಿಸಿಯ ಭೌಗೋಳಿಕ ಮಿತಿ ಭಾರತವಷ್ಟೇ ಎಂದು ಓದಿದ್ದ ಅಕ್ಕ ತಾನೇ ಫೋನು ಮಾಡಿ, ಹೆಚ್ಚಿನ ಹಣ ಕೊಟ್ಟು ವಿದೇಶಕ್ಕೂ ವಿಸ್ತರಿಸುವ ವಿಚಾರ ಕೇಳಿದಳು. ಜೊತೆಗೆ, ರಜೆಯಲ್ಲಿ ಬರುವಾಗ ಹೊಸದಾಗಿ ತಂದದ್ದೆಂದು ಸುಂಕ ಹಾಕದಿರಲೆಂದು, ಹೊರಡುವ ಮೊದಲೇ ವಿಮಾನ ನಿಲ್ದಾಣದ ಕಸ್ಟಮ್ಸಿನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಲು ಮಗನಿಗೆ ಎರಡು ಬಾರಿ ಹೇಳಿದಳು. ಮೌಲ್ಯಮಾಪಕರ ಪತ್ರದ ನಕಲು, ವಾರಂಟಿ ಕಾರ್ಡು, ಗಡಿಯಾರದ ಚಿತ್ರ ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕೊಟ್ಟು, ನಾಲ್ಕು ಗಂಟೆ ಮುಂಚಿತವಾಗಿ ಬಜಪೆಗೆ ಹೊರಡಿಸಿದಳು.