ಯಾರ ಪೈಕಿ?

ಶಿರಗುಪ್ಪಿಯಲ್ಲಿ ಹೊಸಬರಿಗೆ ಮೊದಲೇ ಹೆಸರು ಕೇಳುವ ರೂಢಿಯಿಲ್ಲ. ಯಾವೂರು, ಯಾರ ಪೈಕಿ, ನಿಮ್ಮ ಕಡೆ ಮಳಿ ಹೆಂಗೈತಿ, ಕಬ್ಬು ಯಾವ ಫ್ಯಾಕ್ಟರಿಗೆ ಕಳಸ್ತೀರಿ... ಇಷ್ಟೆಲ್ಲ ಮುಗಿದು ಚಹಾದ ಕಪ್ಪು ತಳ ಕಾಣುವ ಹೊತ್ತಿಗೆ ಹೆಸರು ತಾನಾಗಿಯೇ ಹೊರಬೀಳುತ್ತದೆ. ಇಂಥ ಊರಿನಲ್ಲಿ ಕಂಪ್ಯೂಟರೊಂದು ಹಿಂದಿಲ್ಲ ಮುಂದಿಲ್ಲ, 'ನಿಮ್ಮ ಹೆಸರೇನು?' ಎಂದು ಕೇಳಿತು. ಕೇಳಿದ್ದು ನಮ್ಮ ಕಾಕಾನನ್ನು.

ಕೇಳಿಸಿದವಳು ನನ್ನ ಅಣ್ಣನ ಮಗಳು. ಬಿಸಿಎ ಓದುತ್ತಿದ್ದ ಅವಳಿಗೆ ಯುನಿಕ್ಸ್ ಲ್ಯಾಬಿನ ಜರ್ನಲ್ ತುಂಬಿಸಬೇಕಿತ್ತು. ಶೆಲ್ಲೆಂಬ ಪ್ರೋಗ್ರಾಮು ಓದಿ ನಡೆಸುವ ಆಜ್ಞೆಗಳ ಪಟ್ಟಿಯೇ ಶೆಲ್ ಸ್ಕ್ರಿಪ್ಟು; ಅದರ ಮೊದಲ ಅಭ್ಯಾಸಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಹೆಸರು ಕೇಳಿ ನಮಸ್ಕಾರ ಹೇಳು, ಫೈಲಿನ ಹೆಸರು ಕೇಳಿ ಅದು ಇದೆಯೋ ಇಲ್ಲವೋ ನೋಡು, ಇದ್ದರೆ ಸಾಲು ಎಣಿಸು, ನಕಲು ಮಾಡು, ಬೇಡವಾದರೆ ಅಳಿಸು. ಬೆಲ್ ಲ್ಯಾಬ್ಸಿನ ಸ್ಟೀಫನ್ ಬೋರ್ನ್ ಬರೆದ ಶೆಲ್ಲು 1979ರಲ್ಲಿ ಯುನಿಕ್ಸಿನ ಏಳನೇ ಆವೃತ್ತಿಯೊಂದಿಗೆ ಹೊರಬಂತು. 1989ರಲ್ಲಿ ಬ್ರಯಾನ್ ಫಾಕ್ಸ್ ಅದೇ ಹಾದಿ ಹಿಡಿದು ಬ್ಯಾಶ್ ಎಂಬ ಶೆಲ್ಲು ಕಟ್ಟಿದ. ಆ ವರ್ಷಗಳಲ್ಲಿ ನಮ್ಮ ಕಾಕಾ ಕಾಟಾದ ಕಿಟಕಿಯಲ್ಲಿ ಕೂತು ಕಬ್ಬಿನ ಗಾಡಿಗಳ ತೂಕ ಬರೆಯುತ್ತಿದ್ದ. ಎಷ್ಟೋ ಸಾವಿರ ಮಂದಿಯ ಹೆಸರು ಕೇಳಿ ಚೀಟಿಗೆ ಇಳಿಸಿದವನಿಗೆ, ನಿವೃತ್ತಿಯ ಮೇಲೆ, ಹೆಸರು ಕೇಳುವವರೇ ಇರಲಿಲ್ಲ.

ಅದಕ್ಕೇ ಇರಬೇಕು, ಪ್ರಶ್ನೆ ಕೇಳಿದ್ದೇ ತಡ, ಕಾಕಾ ರುಮಾಲು ಸರಿಮಾಡಿಕೊಂಡು ನೆಟ್ಟಗೆ ಕೂತ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಸಾಕಿನ್ ಶಿರಗುಪ್ಪಿ ಎಂದು ಉತಾರದಲ್ಲಿದ್ದಂತೆ ಹೇಳಿದ. ಹುಡುಗಿ ಅಷ್ಟನ್ನೂ ಕುಟ್ಟಿ ಎಂಟರ್ ಒತ್ತಿದಳು. ಹೆಸರು ಖಾಲಿ ಇದೆಯೇ ಎಂದು ನೋಡುವ ಸಾಲಿನಲ್ಲಿ ಸ್ಕ್ರಿಪ್ಟು ಮುಗ್ಗರಿಸಿತು. ವೇರಿಯೇಬಲ್ಲಿನ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕದಿದ್ದರೆ, ಶೆಲ್ಲು ಖಾಲಿ ಜಾಗ ಕಂಡಲ್ಲೆಲ್ಲ ಹೆಸರನ್ನು ತುಂಡರಿಸಿ, ಇಷ್ಟೊಂದು ಯಾಕೆ ಕೊಟ್ಟಿರಿ ಎಂದು ತಕರಾರು ತೆಗೆಯುತ್ತದೆ. ಒಳಗಿನಿಂದ ಕಾಕು, "ನಾನೂ ಅದನ್ನ ಹೇಳ್ತೀನಿ, ಒಂದ ಕೇಳಿದ್ರ ಹತ್ತ ಹೇಳ್ತಾರ" ಅಂದಳು.

ಚಿಹ್ನೆ ಹಾಕಿದ ಮೇಲೆ ಹೆಸರು ಇಡಿಯಾಗಿ ಉಳಿಯಿತು. ಅಲ್ಲಿಂದ ದಿನಾ ಸಂಜೆ ಕಾಕಾ ಅವಳ ಹತ್ತಿರ ಹೋಗಿ ಕೂಡತೊಡಗಿದ. ಅವನಿಗೆ ಹಿಡಿಸಿದ್ದು 'ರೀಡ್' ಎಂಬ ಆಜ್ಞೆ. ಪ್ರಶ್ನೆ ಹಾಕಿ ಸುಮ್ಮನೆ ಕಾಯುತ್ತದೆ. ನೀವು ಅಡಿಕೆ ಕತ್ತರಿಸಿ, ಕೆಮ್ಮಿ, ನೆನಪಿಸಿಕೊಂಡು ಹೇಳುವವರೆಗೂ ಮಿಣುಕುತ್ತ ಕಾಯುತ್ತದೆ. ನಮ್ಮ ಮನೆಯಲ್ಲಿ ಅಷ್ಟು ತಾಳ್ಮೆ ಯಾರಿಗಿತ್ತು? ಮುಂದೊಂದು ದಿನ ಅವಳು ಅದಕ್ಕೆ 'ಮೈನಸ್ ಟಿ' ಸೇರಿಸಿ, ಹತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮುಂದೆ ಹೋಗುವಂತೆ ಮಾಡಿದಾಗ ಕಾಕಾನಿಗೆ ಸಿಟ್ಟೇ ಬಂತು. "ಹತ್ತ ಸೆಕೆಂಡಿನ್ಯಾಗ ಹೆಸರ ಹೇಳಾಕ ಅಂವೇನ ಪೊಲೀಸ ಸ್ಟೇಶನ್ಯಾಗ ಕುಂತಾನೇನ? ಮದಲ ಕುಂಡ್ರಂತ ಹೇಳಬೇಕವಾ. ನೀರ ಕೊಡಬೇಕ."

ಫೈಲು ಅಳಿಸುವ ಪಾಠ ಬಂದಾಗ ಮಾತ್ರ ಕಾಕಾ ಗಂಭೀರನಾದ. ಅವನ ಟ್ರಂಕಿನಲ್ಲಿ ಧೋತರದ ತುಂಡಿನಲ್ಲಿ ಕಟ್ಟಿಟ್ಟ ಕಾಟಾ ಚೀಟಿಗಳು, ಸೊಸೈಟಿಯ ಪಾಸ್‌ಬುಕ್ಕುಗಳು, ಯಾರದೋ ಲಗ್ನಪತ್ರಿಕೆಗಳು; ಒಂದನ್ನೂ ಬಿಸಾಕಿದವನಲ್ಲ. 'ಆರ್‌ಎಂ' ಎಂದು ಎರಡಕ್ಷರ ಕುಟ್ಟಿದರೆ ಫೈಲು ಹೋಯಿತು, ಮರಳಿ ತೆಗೆಯಲು ಕಸದ ಬುಟ್ಟಿಯೂ ಇಲ್ಲ ಎಂದು ಅವಳು ತೋರಿಸಿದಳು. ಕಾಕಾ ಬಹಳ ಹೊತ್ತು ಸುಮ್ಮನಿದ್ದು, "ಹೊಳಿನೂ ಹಂಗ. ಕೇಳೂದಿಲ್ಲ" ಅಂದ. 2019ರ ಆಗಸ್ಟಿನಲ್ಲಿ ಕೃಷ್ಣೆ ದಂಡೆ ಮೀರಿ ಬಂದಾಗ ಹೊಳೆಕಡೆಯ ಊರಿನ ಬೀಗರ ಮನೆಯ ಕಾಗದಪತ್ರವೆಲ್ಲ ಹೋಗಿತ್ತು. 'ಮೈನಸ್ ಐ' ಹಾಕಿದರೆ ಅಳಿಸುವ ಮೊದಲು ಒಂದು ಮಾತು ಕೇಳುತ್ತದಜ್ಜಾ ಎಂದು ಹುಡುಗಿ ಸಮಾಧಾನ ಮಾಡಿದಳು. ಕೇಳಿದಾಗಲೆಲ್ಲ ಕಾಕಾ ಬ್ಯಾಡ ಅಂದ. ಹೀಗಾಗಿ ಆ ಅಭ್ಯಾಸದ ಫೈಲುಗಳಲ್ಲಿ ಒಂದೂ ಅಳಿಯಲಿಲ್ಲ.

ಉತ್ತರಗಳನ್ನು ಅವಳು ಒಂದು ಫೈಲಿಗೆ ಸೇರಿಸುತ್ತಿದ್ದಳು. ಒಂದೇ ಬಾಣದ ಗುರುತು ಹಾಕಿದರೆ ಹಳೆಯದು ಅಳಿಸಿ ಹೊಸದು ಕೂರುತ್ತದೆ. ಎರಡು ಹಾಕಿದರೆ ಹಳೆಯದರ ಕೆಳಗೆ ಸೇರುತ್ತ ಹೋಗುತ್ತದೆ. ಅವಳು ಎರಡು ಹಾಕಿದ್ದಳು. ಕಾಕಾ ತೀರಿಕೊಂಡ ವರ್ಷ, ಪುಣೆಯಿಂದ, ಆ ಫೈಲನ್ನು ನನ್ನ ಮೊಬೈಲಿಗೆ ಕಳಿಸಿದಳು. ಮೊದಲ ಸಾಲಿನಲ್ಲಿ ಪೂರ್ತಿ ಹೆಸರು. ಆಮೇಲೆ, 'ನಿನ್ನೆ ಹೇಳೇನಲ್ಲ.' ಆಮೇಲೆ, 'ಬರೇ ನೀನ ಕೇಳ್ತಿ.' ಇನ್ನೂ ಕೆಳಗೆ, 'ನೀ ಯಾರ ಪೈಕಿ?' ಬಂದದ್ದನ್ನೆಲ್ಲ ಹೆಸರೆಂದೇ ತಿಳಿಯುವ ಸ್ಕ್ರಿಪ್ಟು ಆ ಸಂಜೆ 'ನಮಸ್ಕಾರ, ನೀ ಯಾರ ಪೈಕಿ?' ಎಂದು ತಿರುಗಿ ಹೇಳಿರಬೇಕು. ಕಾಕಾ ನಕ್ಕನೋ, ಉತ್ತರಕ್ಕೆ ಕಾದನೋ ಕಾಣೆ.

ಅವಳೀಗ ಅಲ್ಲೊಂದು ಕಂಪನಿಯ ಸರ್ವರುಗಳನ್ನು ನೋಡಿಕೊಳ್ಳುತ್ತಾಳೆ. ನಿನ್ನ ಆಫೀಸಿನ ಸ್ಕ್ರಿಪ್ಟುಗಳು ಏನೇನು ಕೇಳುತ್ತವೆ ಎಂದೆ ಫೋನಿನಲ್ಲಿ.

"ಏನೂ ಕೇಳೂದಿಲ್ಲ ಕಾಕಾ. ರಾತ್ರಿ ಎರಡಕ್ಕ ತಾವ ಓಡತಾವ. ಎದರಿಗೆ ಯಾರ ಇರತಾರ, ಕೇಳಾಕ?"